ಕಾಡಿನಲ್ಲಿ ಮಂಗ ಸತ್ತರೆ ನಮಗೇನು?

"ಮಂಗನ ಕಾಯಿಲೆ ಅಂದ್ರೆ ಮಂಗನಿಂದ ಬರೋದು ತಾನೇ ಸರ್? ಹಾಗಾದ್ರೆ ಮಂಗಗಳನ್ನೇ ಕೊಂದುಬಿಟ್ಟರೆ ಆಯ್ತಲ್ಲ?"

ದ್ವಿತೀಯ ಪಿಯುಸಿ ತರಗತಿಯಲ್ಲಿ ರೋಗಗಳ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಇದು. ಎಲ್ಲರೂ ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಊರಿನಲ್ಲಿ ದೊಡ್ಡವರೂ ಹೀಗೆಯೇ ಯೋಚಿಸುವುದುಂಟು. ಅಂದು ಬೆಲ್ ಹೊಡೆದು ಉತ್ತರ ಅರ್ಧಕ್ಕೆ ನಿಂತಿತು. ಉಳಿದ ಅರ್ಧ ಇಲ್ಲಿದೆ.

1957ರಲ್ಲಿ ನಡೆದದ್ದು

ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬದ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಜತೆಗೇ ಕಾಡಿನ ಅಂಚಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವುದನ್ನು ಕಂಡು ತಜ್ಞರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಏಷ್ಯಾದಲ್ಲಿ ಹಿಂದೆಂದೂ ಕಾಣಿಸದ ಆ ರೋಗ ಇಲ್ಲಿಗೆ ಬಂದಿದ್ದರೆ ದೊಡ್ಡ ಅನಾಹುತವೇ ಆಗುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲ, ಹೊಸದೊಂದು ವೈರಸ್ ಎಂದು ತಿಳಿಯಿತು. ಅದರ ಹತ್ತಿರದ ಸಂಬಂಧಿಗಳು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್‌ಗಳು. ಕಾಡಿನ ಹೆಸರೇ ರೋಗಕ್ಕೂ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ಜನರ ಬಾಯಲ್ಲಿ ಮಾತ್ರ ಅದು "ಮಂಗನ ಕಾಯಿಲೆ" ಆಗಿಯೇ ಉಳಿಯಿತು.

ನಿಜವಾದ ವಾಹಕ ಯಾರು?

ಉಣ್ಣೆ. ಮಲೆನಾಡಿನ ಮಾತಿನಲ್ಲಿ ಉಣುಗು. ಇದರಲ್ಲಿ ಹಲವು ಜಾತಿಗಳಿವೆ. ಕೆಎಫ್‌ಡಿ ಹರಡುವುದರಲ್ಲಿ ಮುಖ್ಯವಾದುದು ಹೀಮಫೈಸಾಲಿಸ್ ಸ್ಪಿನಿಜೆರಾ. ಇದರ ಜೀವನಚಕ್ರ ತಿಳಿದರೆ ಅರ್ಧ ರೋಗ ಅರ್ಥವಾದಂತೆ.

ಮೊಟ್ಟೆಯಿಂದ ಬರುವ ಲಾರ್ವಾಕ್ಕೆ ಆರು ಕಾಲು. ಅದು ಒಂದು ಪ್ರಾಣಿಯ ರಕ್ತ ಕುಡಿದು ನೆಲಕ್ಕೆ ಬಿದ್ದು, ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಮತ್ತೊಂದು ಪ್ರಾಣಿಯ ರಕ್ತ ಕುಡಿದು ಪ್ರಾಯದ ಉಣ್ಣೆಯಾಗುತ್ತದೆ. ಅದಕ್ಕೆ ಮತ್ತೆ ಇನ್ನೊಂದು ಪ್ರಾಣಿ ಬೇಕು. ಹೀಗೆ ಒಂದೇ ಜೀವಮಾನದಲ್ಲಿ ಮೂರು ಆತಿಥೇಯರು. ಒಂದು ಹಂತದಲ್ಲಿ ಒಳಹೊಕ್ಕ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ, ಮುಂದಿನ ಹಂತಕ್ಕೂ ದಾಟುತ್ತದೆ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ನಿಂಫ್. ಅದು ತರಗೆಲೆಗಳ ನಡುವೆ ಕಣ್ಣಿಗೆ ಬೀಳದಷ್ಟು ಸಣ್ಣದು, ಕಚ್ಚಿದ್ದೂ ಗೊತ್ತಾಗುವುದು ಕಡಿಮೆ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಕೆಎಫ್‌ಡಿಯ ಕಾಲವೂ ಅದೇ.

ಮಂಗನ ಪಾತ್ರವೇನು?

ಕಾಡಿನ ಇಲಿ, ಸೊಂಡಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣ್ಣೆಗಳಲ್ಲಿ ವೈರಸ್ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಕಪ್ಪು ಮೋರೆಯ ಮುಸಿಯ ಮತ್ತು ಕೆಂಪು ಮೋರೆಯ ಮಂಗಗಳಿಗೆ ಅದು ತಗುಲಿದಾಗ ಕಥೆ ಬದಲಾಗುತ್ತದೆ. ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಆಗ ಕಚ್ಚಿದ ಉಣ್ಣೆಗಳಿಗೆಲ್ಲ ಸೋಂಕು. ಇಂಥ ಪ್ರಾಣಿಯನ್ನು ವರ್ಧಕ ಆತಿಥೇಯ ಎನ್ನುತ್ತೇವೆ. ಮಂಗ ಸತ್ತು ಮೈ ತಣ್ಣಗಾದೊಡನೆ ಉಣ್ಣೆಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಆ ಜಾಗ ಸೋಂಕಿನ ತಾಣವಾಗುತ್ತದೆ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬನ್ನಿ. ಮಂಗವನ್ನು ಕೊಂದರೆ ಏನಾಗುತ್ತದೆ? ಅದರ ಮೈಮೇಲಿದ್ದ ಉಣ್ಣೆಗಳೆಲ್ಲ ನಿಮ್ಮ ಕಾಲಬುಡದಲ್ಲೇ ಇಳಿಯುತ್ತವೆ! ಇಲಿ, ಸೊಂಡಿಲಿಗಳಲ್ಲಿ ವೈರಸ್ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮಗೆ ಮುನ್ಸೂಚನೆ ಕೊಡುವ ಜೀವಿಯನ್ನೇ ಕಳೆದುಕೊಳ್ಳುತ್ತೇವೆ. ಮಂಗ ಈ ರೋಗದ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು.

ಮನುಷ್ಯ ಎಲ್ಲಿ ಸಿಕ್ಕಿಬೀಳುತ್ತಾನೆ?

ಸೊಪ್ಪು, ಸೌದೆ, ತರಗೆಲೆ ತರಲು ಕಾಡಿಗೆ ಹೋಗುವವರು, ದನ ಮೇಯಿಸುವವರು, ಗೇರು ಮತ್ತು ಅಡಿಕೆ ತೋಟದ ಕೂಲಿಕಾರರು, ಅರಣ್ಯ ಸಿಬ್ಬಂದಿ ಮೊದಲು ಸಿಕ್ಕಿಬೀಳುವವರು. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಆದರೆ ಒಲೆ ಉರಿಯಲು ಸೌದೆ ಬೇಕಾದ ಮನೆಗೆ ಆ ಮಾತಿನಿಂದ ಪ್ರಯೋಜನವಿಲ್ಲ.

ದನಗಳ ಪಾತ್ರವನ್ನೂ ಗಮನಿಸಿ. ದನದ ಮೈಯಲ್ಲಿ ಈ ವೈರಸ್ ಹೆಚ್ಚುವುದಿಲ್ಲ. ಆದರೆ ಪ್ರಾಯದ ಉಣ್ಣೆಗಳಿಗೆ ದನದ ರಕ್ತ ಸಿಕ್ಕಿ ಅವುಗಳ ಸಂಖ್ಯೆ ಬೆಳೆಯುತ್ತದೆ. ಕಾಡು ಕಡಿದು, ಅಂಚಿನಲ್ಲಿ ಲಂಟಾನ ಪೊದೆ ಬೆಳೆದು, ಅಲ್ಲೇ ದನ ಮೇದು, ಅಲ್ಲೇ ಮಂಗ ಓಡಾಡಿ, ಅಲ್ಲಿಗೇ ಜನ ಹೋದರೆ ಕೊಂಡಿಗಳೆಲ್ಲ ಒಂದಕ್ಕೊಂದು ಸೇರುತ್ತವೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ರೋಗ ಅಲ್ಲಿ ಭೀಕರವಾಗಿ ಕಾಣಿಸಿತು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಬಹಳ ನೋವು ಅನುಭವಿಸಿತು.

ಒಂದು ಸಮಾಧಾನದ ಸಂಗತಿ: ಕೆಎಫ್‌ಡಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಸ್‌ಗೆ ನಾವು ಕೊನೆಯ ನಿಲ್ದಾಣ. ಆದ್ದರಿಂದ ರೋಗಿಯ ಮನೆಯವರನ್ನು ದೂರ ಇಡುವುದು ಅಜ್ಞಾನ, ಅನ್ಯಾಯ ಕೂಡ.

ಎಲ್ಲ ರೋಗವೂ ಹೀಗಿರುವುದಿಲ್ಲ. 1998–99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕಣೆ ಕೇಂದ್ರಗಳ ಪಕ್ಕದ ಹಣ್ಣಿನ ಮರಗಳಿಗೆ ಬಾವಲಿಗಳು ಬಂದವು. ಅವುಗಳಿಂದ ಹಂದಿಗೆ, ಹಂದಿಯಿಂದ ಸಾಕುವವರಿಗೆ ನಿಪಾ ವೈರಸ್ ದಾಟಿ ನೂರಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಅದೇ ನಿಪಾ ರೋಗಿಯಿಂದ ಆರೈಕೆ ಮಾಡಿದವರಿಗೂ ಹರಡಿತು. ವೈರಸ್ ಬೇರೆ, ಪ್ರಾಣಿ ಬೇರೆ. ಆದರೆ ಪ್ರಾಣಿ ಮತ್ತು ಮನುಷ್ಯ ಹೊಸ ರೀತಿಯಲ್ಲಿ ಹತ್ತಿರ ಬಂದಲ್ಲೇ ರೋಗ ದಾಟಿತು ಎಂಬುದು ಎರಡರಲ್ಲೂ ಒಂದೇ.

ಮನೆಗೆ ಹೋಗಿ ಹೇಳಬೇಕಾದ್ದು

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಆಮೇಲೆ ಸಹಿಸಲಾಗದ ಮೈಕೈ ನೋವು, ವಾಂತಿ, ಕೆಲವರಲ್ಲಿ ರಕ್ತಸ್ರಾವ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮೂರನೇ ವಾರ ಜ್ವರ ಮರಳಿ ಬಂದು ಮಿದುಳಿನ ತೊಂದರೆ ಕಾಣಿಸಬಹುದು. ರೋಗ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧಿ ಇಲ್ಲ. ಹಲವು ವರ್ಷ ಕೊಡುತ್ತಿದ್ದ ಲಸಿಕೆಯ ಶಕ್ತಿ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ. ಆದ್ದರಿಂದ ಎಚ್ಚರಿಕೆಯೇ ಮುಖ್ಯ.

- ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಆರೋಗ್ಯ ಇಲಾಖೆ, ಅರಣ್ಯ ಇಲಾಖೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ.
- ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಲಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಲಿ.
- ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯಲ್ಲಿ ಉಣ್ಣೆ ಇದೆಯೇ ನೋಡಿಕೊಳ್ಳಲಿ. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಹೊಸಕಬಾರದು.
- ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ನಮ್ಮಲ್ಲಿ ಅನೇಕರ ಮನೆಯೋ ಅಜ್ಜಿಯ ಊರೋ ಮಲೆನಾಡಿನ ಅಂಚಿನಲ್ಲಿದೆ. ಪರೀಕ್ಷೆ ಮುಗಿಸಿ ನೀವು ಊರಿಗೆ ಹೋಗುವ ಹೊತ್ತು ನಿಂಫ್‌ಗಳ ಹೊತ್ತೂ ಹೌದು. ಈ ಪಾಠ ಪರೀಕ್ಷೆಗೆ ಬರುತ್ತದೋ ಇಲ್ಲವೋ, ಮನೆಯಲ್ಲಿ ಒಮ್ಮೆ ಓದಿ ಹೇಳಿ.

ಯೋಚಿಸಿ, ಉತ್ತರಿಸಿ

1. ದನದಲ್ಲಿ ವೈರಸ್ ಹೆಚ್ಚದಿದ್ದರೂ ರೋಗದ ಹರಡುವಿಕೆಯಲ್ಲಿ ಅದರ ಪಾತ್ರವೇನು?
2. ಕೆಎಫ್‌ಡಿ ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಏಕೆ?
3. ಕೆಎಫ್‌ಡಿ ಮತ್ತು ನಿಪಾ ರೋಗಿಗಳ ಆರೈಕೆಯಲ್ಲಿ ಇರಬೇಕಾದ ವ್ಯತ್ಯಾಸವೇನು?