ಹದಿಹರೆಯದ ಮಕ್ಕಳ ಮಾತು ಕೇಳುವ ಬಗೆ



ತಮ್ಮ ಮಗ ಅಥವಾ ಮಗಳ ತಪಾಸಣೆ ನಡೆಯುವಾಗ "ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳಿ, ನಾವು ಒಂದೆರಡು ಮಾತಾಡ್ತೀವಿ" ಎಂದು ನಾವು ಹೇಳಿದಾಗ ಅನೇಕರಿಗೆ ಬೇಸರವಾಗುತ್ತದೆ. "ಹೆತ್ತವರ ಮುಂದೆ ಕೇಳಬಾರದಂಥದ್ದು ಏನೈತ್ರೀ?" ಎನ್ನುತ್ತಾರೆ. ಹಾಗೆ ಅನ್ನಿಸುವುದು ಸಹಜ. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ಹದಿಹರೆಯ ಎನ್ನುತ್ತೇವೆ. ಈ ವಯಸ್ಸಿನಲ್ಲಿ ಬಾಯಿ ಹೇಳದ್ದನ್ನು ಕೆಲವೊಮ್ಮೆ ಮೈ ಹೇಳುತ್ತದೆ. ಪದೇ ಪದೇ ಹೊಟ್ಟೆನೋವು, ತಲೆನೋವು, ನಿದ್ದೆ ಬಾರದಿರುವುದು, ಊಟ ಬಿಡುವುದು, ಯಾರೋ ಒಬ್ಬರು ಮನೆಗೆ ಬಂದರೆ ಸಾಕು ಒಳಕೋಣೆ ಸೇರುವುದು. ಹೊಟ್ಟೆನೋವೆಲ್ಲ ಮನಸ್ಸಿನ ನೋವಲ್ಲ. ಮೊದಲು ವೈದ್ಯರು ದೇಹವನ್ನೇ ಪರೀಕ್ಷಿಸುತ್ತಾರೆ. ಆದರೆ ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವೂ ಸರಿ ಇದ್ದು ನೋವು ಮಾತ್ರ ನಿಲ್ಲದಿದ್ದರೆ, ಮಗು ಏನೋ ಹೇಳಲು ಕಾಯುತ್ತಿರಬಹುದು.

ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹದಿನಾರರ ಹುಡುಗಿಯೊಬ್ಬಳು ಎರಡು ತಿಂಗಳಲ್ಲಿ ಮೂರು ಸಲ ಹೊಟ್ಟೆನೋವೆಂದು ದಾಖಲಾದಳು. ಒಂದು ರಾತ್ರಿ ಪಾಳಿಯಲ್ಲಿ "ಯಾರಿಗೂ ಹೇಳೋದಿಲ್ಲ, ನನ್ನಾಣೆ" ಎಂದು ಕೈ ಮೇಲೆ ಕೈ ಇಟ್ಟೆ. ಹೇಳಿದಳು: ಮದುವೆ ಗೊತ್ತುಮಾಡಿದ್ದಾರೆ, ಅದಕ್ಕಿಂತ ಸಾಯುವುದೇ ಮೇಲು. ಹೆದರಿ ಬೆಳಿಗ್ಗೆ ವೈದ್ಯರಿಗೆ ತಿಳಿಸಿದೆ, ಅವರು ತಂದೆಯನ್ನು ಕರೆಸಿ ಬೈದರು. ಸಂಜೆಯೊಳಗೆ ತಂದೆ ಡಿಸ್ಚಾರ್ಜ್ ಬರೆಸಿಕೊಂಡು ಕರೆದೊಯ್ದರು. ಹೋಗುವಾಗ ಹುಡುಗಿ ನನ್ನ ಕಡೆ ತಿರುಗಿ ನೋಡಲಿಲ್ಲ. ಮದುವೆ ಆಯಿತೋ, ನಿಂತಿತೋ, ಆಕೆ ಹೇಗಿದ್ದಾಳೋ ಇಂದಿಗೂ ನನಗೆ ತಿಳಿಯದು.

ವೈದ್ಯರಿಗೆ ತಿಳಿಸಿದ್ದು ತಪ್ಪಲ್ಲ. ಉಳಿಸಿಕೊಳ್ಳಲಾಗದ ಆಣೆ ಇಟ್ಟದ್ದು ತಪ್ಪು, ಅವಳಿಗೆ ಹೇಳದೆ ಮುಂದುವರಿದದ್ದು ತಪ್ಪು, 1098ಕ್ಕೆ ಕರೆ ಮಾಡದಿದ್ದುದು ಇನ್ನೂ ದೊಡ್ಡ ತಪ್ಪು. ಈಗ ನನ್ನ ವಿದ್ಯಾರ್ಥಿನಿಯರಿಗೆ ಕಲಿಸುವ ಮಾತು ಬೇರೆ. ತಾವೂ ಇದನ್ನೇ ಬಳಸಿರಿ: "ನೀನು ಹೇಳಿದ್ದನ್ನು ಊರಿಗೆಲ್ಲ ಹೇಳೋದಿಲ್ಲ. ಆದರೆ ನಿನ್ನ ಜೀವಕ್ಕೆ, ಮೈಗೆ ಅಪಾಯ ಇದ್ದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತೆ. ಹೇಳುವ ಮೊದಲು ಯಾರಿಗೆ, ಏನು ಅಂತ ನಿನಗೆ ತಿಳಿಸ್ತೀನಿ." ಇದನ್ನು ಕೇಳಿದ ಮೇಲೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮಾತನಾಡುತ್ತಾರೆ.

ಇನ್ನೊಂದು ವಿಷಯ. ಹಾಸಿಗೆಯ ಪಕ್ಕದಲ್ಲೇ ನಿಂತು ಮಗುವಿನ ತಪ್ಪುಗಳ ಪಟ್ಟಿ ಹೇಳುವ ಪಾಲಕರನ್ನು ದಿನವೂ ಕಾಣುತ್ತೇವೆ. ಎಸ್.ಎಸ್.ಎಲ್.ಸಿ. ಫೇಲಾದ ಹುಡುಗನೊಬ್ಬನ ತಂದೆ "ಯಾತಕ್ಕೂ ಬಾರದವ" ಎಂದು ಮೂರು ಸಲ ಹೇಳಿದರು. ಹುಡುಗ ಗೋಡೆ ನೋಡುತ್ತಿದ್ದ. ತಂದೆ ಚಹಾಕ್ಕೆ ಹೋದಾಗ ಫೇಲಾದ ಮಾತು ಎತ್ತದೆ, ಮನೆಯಲ್ಲಿ ಏನೇನು ಕೆಲಸ ಮಾಡುತ್ತೀ ಎಂದು ಕೇಳಿದೆವು. ಕೆಟ್ಟ ಪಂಪ್‌ಸೆಟ್ ಮೋಟರನ್ನು ತಾನೇ ಬಿಚ್ಚಿ ಜೋಡಿಸುತ್ತಾನೆ. ಅಕ್ಕಪಕ್ಕದ ಹೊಲದವರೂ ಕರೆಯುತ್ತಾರಂತೆ. ಆ ಕೆಲಸ ಯಾರು ಕಲಿಸಿದರು ಎಂದಾಗ ಸೋದರಮಾವನ ಹೆಸರು ಬಂತು. ಹದಿನೈದು ನಿಮಿಷದ ನಂತರ ತಾನು ಸಾಯಬೇಕೆಂದು ಯೋಚಿಸಿದ್ದನ್ನೂ ಹೇಳಿದ. ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತೀ ಎಂಬ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿತ್ತು: ಆ ಮಾವ. ಮನೋವೈದ್ಯರ ಚಿಕಿತ್ಸೆ ನಡೆದೇ ಇತ್ತು, ಮಾವನನ್ನು ಕರೆಸಿದೆವು. ಮನೆಯಲ್ಲಿದ್ದ ಕೀಟನಾಶಕದ ಡಬ್ಬಿಗಳನ್ನು ಅದೇ ದಿನ ಹೊರಗೆ ಸಾಗಿಸಿ ಬೀಗ ಹಾಕಿಸಿದೆವು. ಒಕ್ಕಲುತನದ ಮನೆಗಳವರು ಇದನ್ನು ದಯವಿಟ್ಟು ಗಮನಿಸಿರಿ.

ಮಗುವಿನ ಶಕ್ತಿಯನ್ನು ಗುರುತಿಸುವುದೆಂದರೆ "ಜಾಣ, ಬಂಗಾರ" ಎಂದು ಹೊಗಳುವುದಲ್ಲ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಕಣ್ಣಾರೆ ಕಂಡ ಒಂದು ಕೆಲಸವನ್ನು ಹೆಸರಿಸಬೇಕು: ತಂಗಿಯನ್ನು ದಿನಾ ಶಾಲೆಗೆ ಬಿಡುತ್ತೀ, ಅವ್ವನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೀ, ಇಷ್ಟು ಕಷ್ಟದಲ್ಲೂ ಇವತ್ತು ಇಲ್ಲಿ ತನಕ ಬಂದೀ. ಅಮೆರಿಕದ ಮಕ್ಕಳ ವೈದ್ಯ ಕೆನೆತ್ ಗಿನ್ಸ್‌ಬರ್ಗ್ ಹದಿಹರೆಯದವರೊಂದಿಗೆ ಮಾತನಾಡುವ ಕ್ರಮವೊಂದನ್ನು ರೂಪಿಸಿದ್ದಾರೆ. ಅದರಲ್ಲಿ ಮೊದಲು ಕೇಳುವುದು ಮಗುವಿನ ಬಲದ ಬಗ್ಗೆ. ಶಾಲೆ, ಮನೆ, ಚಟ, ಭಯ ಎಲ್ಲ ಆಮೇಲೆ. ಹಾಗೆಂದು ಅಪಾಯಕ್ಕೆ ಕಣ್ಣು ಮುಚ್ಚಬಾರದು. ಬಲ ಕೇಳಿದ್ದು ಅಪಾಯದ ಮಾತಿಗೆ ದಾರಿಯಾಗಲೆಂದೇ.

ಕಾನೂನಿನ ಬಗ್ಗೆ ಚುಟುಕಾಗಿ. 2012ರ ಪೋಕ್ಸೊ ಕಾಯಿದೆಯಂತೆ ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು ಎಲ್ಲರ ಕರ್ತವ್ಯ, ಆಸ್ಪತ್ರೆಯವರದ್ದಷ್ಟೇ ಅಲ್ಲ. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ ಬೇಕಾಗಿಲ್ಲ. ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ಆಗ ತಂದೆ-ತಾಯಿ ಅಥವಾ ಮಗುವಿಗೆ ನಂಬಿಕೆಯಿರುವವರು ಜೊತೆಗಿರಬಹುದು. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಕರ್ನಾಟಕದಲ್ಲಿ 2017ರ ತಿದ್ದುಪಡಿಯ ನಂತರ ನಡೆದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಮದುವೆ ತಡೆಯಲು ತಹಸೀಲ್ದಾರರಿಗೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು. ಎರಡೂ ಉಚಿತ, ಹಗಲು ರಾತ್ರಿ ಲಭ್ಯ.

ಒಂದು ವೇಳೆ ಇಲ್ಲಿಯೇ, ವಾರ್ಡಿನಲ್ಲೇ ಮಗು ಮಾತು ಶುರುಮಾಡಿದರೆ ಪರದೆ ಎಳೆಯಿರಿ. ಎದುರು ನಿಲ್ಲಬೇಡಿ, ಪಕ್ಕಕ್ಕೆ ಕುಳಿತುಕೊಳ್ಳಿ. "ಯಾಕೆ ಮೊದಲೇ ಹೇಳಲಿಲ್ಲ?" ಎಂಬ ಪ್ರಶ್ನೆ ಬಾಯಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಎನ್ನಿ. ಬಂದವರಿಗೆಲ್ಲ ಮಗುವಿನಿಂದ ಮತ್ತೆ ಮತ್ತೆ ಹೇಳಿಸಬೇಡಿ, ನೆಂಟರಿಗೆ ಆ ಕ್ಷಣವೇ ಫೋನ್ ಹಚ್ಚಬೇಡಿ. ಪಾಳಿಯಲ್ಲಿರುವ ಸಿಸ್ಟರ್‌ಗೆ ತಿಳಿಸಿ. ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ, ನಾವು ಎಚ್ಚರವಾಗಿಯೇ ಇರುತ್ತೇವೆ.