ನರಿ ಸಾಕಿದ ತಾತನ ಮಾತು

ಮಗಾ, ದಸರಾ ರಜಕ್ಕೆ ಬಂದೆ, ನಾಲ್ಕು ದಿನ ಇದ್ದೆ, ಚಕ್ಕುಲಿ ಡಬ್ಬ ಖಾಲಿ ಮಾಡಿ ಹೋದೆ. ನಿನ್ನಜ್ಜಿಗೆ ಅದರಿಂದ ಖುಷಿಯೇ. ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನಾನು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಕಂಪ್ಯೂಟರಿನ ಬ್ರೌಸರನ್ನೇ ಕಿತ್ತುಹಾಕಿ ಬೇರೆಯದನ್ನು ಕೂರಿಸಿದ್ದೆ. ಕೇಳಿದರೆ, "ಇನ್ನೂ ಆ ನರಿಯನ್ನೇ ಸಾಕ್ಕೊಂಡಿದೀಯಲ್ಲ ತಾತಾ, ಈ ಕಾಲದಲ್ಲಿ ಯಾರು ಫೈರ್‌ಫಾಕ್ಸ್ ಬಳಸ್ತಾರೆ?" ಅಂತ ನಕ್ಕೆ. ನಗು, ನಗೋ ವಯಸ್ಸು. ಆದರೆ ಒಂದು ತಿದ್ದಿಕೋ. ಫೈರ್‌ಫಾಕ್ಸ್ ಅನ್ನೋದು ಹಿಮಾಲಯದ ಕಡೆ ಮರ ಹತ್ತಿಕೊಂಡು ಬದುಕುವ ಕೆಂಪು ಪಾಂಡಾದ ಇನ್ನೊಂದು ಹೆಸರು. ಚಿತ್ರ ಬರೆದವರು ನರಿ ಬರೆದರೆ ಪಾಪ ಆ ಪ್ರಾಣಿ ಏನು ಮಾಡೀತು.

"ನೀನು ಬಳಸೋದನ್ನ ನೀನೇ ನೋಡಿ ಆರಿಸಿದ್ದಾ?" ಅಂತ ಕೇಳಿದೆ. "ಫೋನಲ್ಲೇ ಬಂದಿತ್ತು" ಅಂದೆ. ಚಪ್ಪಲಿ ಕೊಳ್ಳೋಕೆ ಚಿತ್ರದುರ್ಗದ ಪೇಟೆಯಲ್ಲಿ ಹತ್ತು ಅಂಗಡಿ ಹತ್ತಿಳಿಯೋನು ನೀನು. ದಿನಕ್ಕೆ ಐದಾರು ಗಂಟೆ ಕೂತು ನೋಡೋ ಕಿಟಕಿಯನ್ನ ಮಾತ್ರ ಯಾರೋ ಇಟ್ಟು ಹೋದರು ಅಂತ ಒಪ್ಪಿಕೊಂಡೆ. ಹಾಗೆ ಇಟ್ಟು ಹೋಗೋಕೆ ಅವರು ಎಷ್ಟು ಸುರಿಯುತ್ತಾರೆ ಗೊತ್ತಾ? ಆಪಲ್‌ನವರ ಸಫಾರಿ ಬ್ರೌಸರಿನಲ್ಲಿ ತನ್ನ ಹುಡುಕಾಟವೇ ಮೊದಲು ಬರಲಿ ಅಂತ ಗೂಗಲ್ 2022ರ ಒಂದೇ ವರ್ಷಕ್ಕೆ 2,000 ಕೋಟಿ ಡಾಲರ್ ಕೊಟ್ಟಿತ್ತು. ಅಮೆರಿಕದ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ ಇದು. ನಿನ್ನಂಥ ಸೋಮಾರಿಗಳು ಬದಲಾಯಿಸೋಕೆ ಹೋಗಲ್ಲ ಅನ್ನೋ ಧೈರ್ಯಕ್ಕೆ ಅಷ್ಟು ಬೆಲೆ!

ಈ ಮುದುಕನಿಗೇನು ಗೊತ್ತು ಅನ್ನಬೇಡ. ಹೊಳಲ್ಕೆರೆಯಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಜೂನಿಯರ್, ಸೀನಿಯರ್ ಕಟ್ಟೋ ಹುಡುಗರು ಕಮ್ಮಿಯಾದಾಗ ಮಿಷನ್‌ಗಳನ್ನೆಲ್ಲ ಮಾರಿ, ಮೇಲೆ ಸಾಲ ಎತ್ತಿ, 2002ರಲ್ಲಿ ನಾಲ್ಕು ಕಂಪ್ಯೂಟರ್ ಹಾಕಿ ಬ್ರೌಸಿಂಗ್ ಸೆಂಟರ್ ಅಂತ ಬೋರ್ಡ್ ಬರೆಸಿದೆ. ಗಂಟೆಗೆ 30 ರೂಪಾಯಿ. ಮೋಡೆಮ್ ಕಿರ್ರೋ ಅಂತ ಅತ್ತು ಅತ್ತು ಲೈನ್ ಹಿಡಿಯೋದು. ಮಧ್ಯೆ ನಿನ್ನಜ್ಜಿ ಒಳಗಿನಿಂದ ಫೋನ್ ಎತ್ತಿದಳೋ, ಎಲ್ಲ ಮುಗೀತು, ಮತ್ತೆ ಮೊದಲಿಂದ.

ಆಗ ಬಂದವರೆಲ್ಲ ಕೂತ ಕೂಡಲೇ ನೀಲಿ 'ಇ' ಅಕ್ಷರ ಒತ್ತೋರು. ಅದಕ್ಕೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅಂತ ಹೆಸರಿದೆ, ಅದರಂಥವು ಬೇರೆಯೂ ಇವೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಅದೇ ಇಂಟರ್‌ನೆಟ್ಟು. ಹಾಗಾಗಿದ್ದು ಸುಮ್ಮನೆ ಅಲ್ಲ. 1994ರಲ್ಲಿ ನೆಟ್‌ಸ್ಕೇಪ್ ಬಂದು ಊರೆಲ್ಲ ಅದರ ಹಿಂದೆ ಹೋಗಿತ್ತು. ಮರುವರ್ಷ ಮೈಕ್ರೋಸಾಫ್ಟ್ ತನ್ನದನ್ನು ತಂದು, ಆಮೇಲೆ ವಿಂಡೋಸ್ ಜೊತೆಗೇ ಪುಕ್ಕಟೆ ಕಟ್ಟಿಕೊಟ್ಟಿತು. ಅಕ್ಕಿ ಮೂಟೆ ಜೊತೆ ಬೇಳೆ ಪುಕ್ಕಟೆ ಸಿಕ್ಕರೆ ಪಕ್ಕದ ಬೇಳೆ ಅಂಗಡಿಗೆ ಯಾರು ಹೋಗ್ತಾರೆ? 1998ರಲ್ಲಿ ಅಮೆರಿಕ ಸರ್ಕಾರವೇ ಕೇಸು ಹಾಕಿತು. ಅಷ್ಟರಲ್ಲಿ ನೆಟ್‌ಸ್ಕೇಪಿನ ಉಸಿರು ಮೇಲಕ್ಕೆ ಬಂದಿತ್ತು. ನಾನು ಅಂಗಡಿ ತೆರೆದ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಮೇಲೆ ನೀಲಿ 'ಇ'ಯದೇ ರಾಜ್ಯ. ಗರಡಿಯಲ್ಲಿ ಜೋಡಿ ಇಲ್ಲದ ಪೈಲ್ವಾನ ಬರೀ ಮೈ ಬೆಳೆಸ್ತಾನೆ. ಇದೂ ಹಾಗೇ ಆಯ್ತು. 2001ರಲ್ಲಿ ಆರನೇ ಆವೃತ್ತಿ ಬಂದದ್ದು, ಏಳನೆಯದಕ್ಕೆ 2006ರವರೆಗೆ ಕಾಯಬೇಕಾಯ್ತು.

ನನಗೆ ಕಣ್ಣು ತೆರೆಸಿದ್ದು ರಿಸಲ್ಟ್ ದಿನ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಅಂದರೆ ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ಜನ. ಒಂದೊಂದು ನಂಬರ್ ಹಾಕಿದರೂ ಪುಟ ಬರೋದಿಲ್ಲ. ಮೇಲ್ಗಡೆಯಿಂದ ಲಾಂಛನ, ಚಿತ್ರ, ಪಟ್ಟಿ ಒಂದೊಂದೇ ಗೆರೆಯಾಗಿ ಇಳಿಯೋದು. ಹುಡುಗರ ಮುಖ ನೋಡೋಕೆ ಆಗ್ತಿರಲಿಲ್ಲ. ಹೊಸದುರ್ಗದಿಂದ ಬರುತ್ತಿದ್ದ ಒಬ್ಬ ಡಿಪ್ಲೊಮಾ ಹುಡುಗ, "ಸಾರ್, ಒಪೆರಾ ಹಾಕ್ಕೊಳ್ಳಿ" ಅಂದ. ನಾರ್ವೆ ದೇಶದ ಬ್ರೌಸರ್. ಅದರಲ್ಲಿ ಚಿತ್ರಗಳನ್ನು ಒಂದೇ ಗುಂಡಿಗೆ ಬಂದ್ ಮಾಡಬಹುದಿತ್ತು. ಒಂದೇ ಕಿಟಕಿಯಲ್ಲಿ ಹತ್ತು ಪುಟ ಸಾಲಾಗಿ ತೆರೆದಿಡಬಹುದಿತ್ತು. ಆ ವರ್ಷ ಎದುರಿನ ಸೆಂಟರಿನಲ್ಲಿ ಇಬ್ಬರಿಗೆ ಫಲಿತಾಂಶ ಸಿಗೋ ಹೊತ್ತಿಗೆ ನನ್ನಲ್ಲಿ ಹತ್ತು ಜನ ಅತ್ತೋ ನಕ್ಕೋ ಮನೆಗೆ ಹೋಗಿದ್ದರು. ಪುಕ್ಕಟೆ ಒಪೆರಾದ ನೆತ್ತಿ ಮೇಲೆ ಆಗ ಜಾಹೀರಾತು ಇರ್ತಿತ್ತು. 2005ರಲ್ಲಿ ಅದನ್ನೂ ತೆಗೆದರು. ಜಾಹೀರಾತನ್ನ ಯಾರು ನೋಡ್ತಿದ್ದರು, ಪಾಸಾಗಿದ್ದೀನೋ ಇಲ್ಲವೋ ಅಂತ ಎದೆ ಹೊಡ್ಕೊಳ್ಳುವಾಗ!

ಅವತ್ತು ಕಲಿತದ್ದು ಇಷ್ಟೇ. ಎತ್ತು ಕೊಳ್ಳೋಕೆ ಜಾತ್ರೆಗೆ ಹೋದವರು ಕೊಂಬಿಗೆ ಬಳಿದ ಬಣ್ಣ ನೋಡಲ್ಲ. ಹಲ್ಲು ನೋಡ್ತಾರೆ, ಎರಡು ಸುತ್ತು ನಡೆಸಿ ನೋಡ್ತಾರೆ. ನೀನು ಬ್ರೌಸರ್ ಹೊಗಳುವಾಗ ಏನು ಹೇಳ್ತೀಯ? "ಡಾರ್ಕ್ ಮೋಡ್ ಸೂಪರ್ ತಾತಾ." ಅದು ಕೊಂಬಿನ ಬಣ್ಣ ಕಣಪ್ಪಾ.

ನಡಿಗೆ ನೋಡಬೇಕಾದರೆ ಬೆಂಗಳೂರಿನ ವೈಫೈಯಲ್ಲಿ ನೋಡಬೇಡ. ಮಾರಿಕಣಿವೆ ಹಿನ್ನೀರಿನ ಕಡೆ, ಹೊಸದುರ್ಗದ ನಿನ್ನ ಚಿಕ್ಕತಾತನ ತೋಟಕ್ಕೆ ಹೋಗಿ, ಒಂದು ಕಡ್ಡಿ ಟವರ್‌ನಲ್ಲಿ ಪಹಣಿ ತೆಗೆದು ನೋಡು. ಆಗ ಗೊತ್ತಾಗುತ್ತೆ ಯಾವುದಕ್ಕೆ ದಮ್ಮಿದೆ ಅಂತ.

ಕನ್ನಡ ಹೇಗೆ ತೋರಿಸುತ್ತೆ ಅಂತಲೂ ನೋಡು. ನಿನಗೆ ಇದು ಹಾಸ್ಯ ಅನ್ನಿಸಬಹುದು, ಯಾಕಂದರೆ ನೀನು ಹುಟ್ಟಿ ಕಣ್ಣು ಬಿಡೋ ಹೊತ್ತಿಗೆ ಎಲ್ಲ ಸರಿಯಾಗಿತ್ತು. ನಮಗೆ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ನೆಟ್ಟಗೆ ಕಾಣಬೇಕಾದರೆ ಭಾಷೆಯ ಸೆಟ್ಟಿಂಗಿನೊಳಗೆ ಹೊಕ್ಕು ಒಂದು ಚೌಕಕ್ಕೆ ಟಿಕ್ ಹಾಕಿ, ಸಿಡಿ ತುರುಕಬೇಕಿತ್ತು. ನಾನು ಬಹಳ ಹಚ್ಚಿಕೊಂಡಿದ್ದ ಒಂದು ಬ್ರೌಸರ್, ಸಾಲುಗಳನ್ನು ಎರಡೂ ಅಂಚಿಗೆ ಸಮ ಮಾಡಿದ ಪುಟ ಸಿಕ್ಕರೆ ಸಾಕು, ಒತ್ತಕ್ಷರಗಳನ್ನೆಲ್ಲ ಬಿಡಿಬಿಡಿ ಮಾಡಿ ಚೆಲ್ಲಿಬಿಡೋದು. 'ಅಮ್ಮ' ಅಂತ ಓದೋಕೂ ತಿಣುಕಬೇಕು. ಆಮೇಲೆ ಗುಂಡಿ ಫೋನಿನ ಕಾಲ ಬಂತು. ಅದರಲ್ಲಿ ಕನ್ನಡ ಅಂದರೆ ಬರೀ ಡಬ್ಬಿ, ಗೂಡಿನಿಂದ ತಂದು ಪೇರಿಸಿದ ಇಟ್ಟಿಗೆ ಥರ. ಅಲ್ಲೂ ಒಪೆರಾ ಮಿನಿಯೇ ಕೈ ಹಿಡೀತು. ವಿಳಾಸದ ಜಾಗದಲ್ಲಿ 'ಒಪೆರಾ', ಎರಡು ಚುಕ್ಕೆ, 'ಕಾನ್ಫಿಗ್' ಅಂತ ಹೊಡೆದು, ಕಷ್ಟದ ಲಿಪಿಗಳನ್ನು ಚಿತ್ರವಾಗಿ ತೋರಿಸು ಅನ್ನೋ ಸಾಲಿಗೆ 'ಯೆಸ್' ಕೊಟ್ಟರೆ ಡಬ್ಬಿಯೆಲ್ಲ ಕರಗಿ ಕನ್ನಡವಾಗೋದು! ಪುಟ ಮೊದಲು ಅವರ ಸರ್ವರಿಗೆ ಹೋಗಿ, ಅಲ್ಲಿ ಕುಗ್ಗಿ, ಆಮೇಲೆ ನನ್ನ ಕೈಗೆ ಬರ್ತಿತ್ತು. ಅಂಗೈಯಗಲದ ಪರದೆಯಲ್ಲಿ ಕನ್ನಡ ಪತ್ರಿಕೆ ಓದಿದ ದಿನ ನಾನು ಭೀಮಸಮುದ್ರಕ್ಕೆ ಅಡಿಕೆ ಹಾಕಲು ಹೋಗಿದ್ದೆ. ಮಂಡಿಯವರಿಗೆಲ್ಲ ತೋರಿಸಿಕೊಂಡು ಬಂದೆ. ಅವರು ಕೇಳಿದ್ದು ಒಂದೇ, "ಇದರಲ್ಲಿ ನಾಳೆ ರೇಟು ಬರುತ್ತಾ?"

ನಮ್ಮದು ಅನ್ನೋ ಅಭಿಮಾನಕ್ಕೂ ಒಂದು ಸಲ ಬಿದ್ದಿದ್ದೀನಿ. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಅನ್ನೋ ಕಂಪನಿ ಎಪಿಕ್ ಅಂತ ಬ್ರೌಸರ್ ಬಿಟ್ಟಿತು. ಪಕ್ಕದ ಪಟ್ಟಿಯಲ್ಲೇ ಭಾರತದ ಭಾಷೆಗಳಲ್ಲಿ ಬರೆಯೋ ಅನುಕೂಲ. ಅವತ್ತೇ ಇಳಿಸಿಕೊಂಡು ನಾಲ್ಕೂ ಕಂಪ್ಯೂಟರಿಗೆ ಹಾಕಿದೆ. ಒಳಗೆ ನೋಡಿದರೆ ನನ್ನ ಫೈರ್‌ಫಾಕ್ಸಿನದೇ ಬುನಾದಿ! 2013ರಲ್ಲಿ ಅದು ವೇಷ ಬದಲಿಸಿ, ಗೂಗಲ್‌ನ ಕ್ರೋಮಿಯಂ ಬುನಾದಿಯ ಮೇಲೆ ಖಾಸಗಿತನ ಕಾಯೋ ಬ್ರೌಸರ್ ಆಯ್ತು. ಈಗ ತಮಿಳುನಾಡಿನ ಝೋಹೊ ಕಂಪನಿಯ ಉಲಾ ಇದೆ, 2023ರಲ್ಲಿ ಬಂದದ್ದು. ಅದಕ್ಕೂ ಬುನಾದಿ ಕ್ರೋಮಿಯಂ. ಕ್ರೋಮ್, ಎಡ್ಜ್, ಬ್ರೇವ್, ಇವತ್ತಿನ ಒಪೆರಾ, ಎಲ್ಲ ಅದೇ. ಒಂದೇ ರಾಗಿಹಿಟ್ಟು, ಒಬ್ಬರು ಮುದ್ದೆ ತಿರುವಿದರು, ಒಬ್ಬರು ರೊಟ್ಟಿ ತಟ್ಟಿದರು, ಒಬ್ಬರು ಅಂಬಲಿ ಕಾಸಿದರು. ನೀನು ಸ್ನೇಹಿತರ ಜೊತೆ ಕ್ರೋಮೋ ಬ್ರೇವೋ ಅಂತ ಕುಸ್ತಿ ಆಡ್ತೀಯಲ್ಲ, ಹಿಟ್ಟಿನ ಮಿಲ್ಲಿನವನು ಕೂತು ನಗ್ತಿರ್ತಾನೆ. ಬೇರೆ ಹಿಟ್ಟು ಅಂತ ದೊಡ್ಡದಾಗಿ ಉಳಿದಿರೋದು ಎರಡೇ, ಆಪಲ್‌ನ ಸಫಾರಿ ಮತ್ತು ನನ್ನ ನರಿ. ಆ ನರಿಗೂ ಅನ್ನ ಹಾಕೋ ದುಡ್ಡಿನಲ್ಲಿ ಬಹುಪಾಲು ಗೂಗಲ್‌ನಿಂದಲೇ ಬರುತ್ತೆ, ಅದೂ ನನಗೆ ಗೊತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಿನ್ನಜ್ಜಿ ನನ್ನನ್ನ ಆಡಿಕೊಳ್ಳೋದು ಇದಕ್ಕೇ.

ಇನ್ನು ನಿನ್ನ ಆಡ್-ಆನ್‌ಗಳ ವಿಷಯ. ಹದಿನಾಲ್ಕು ಎಣಿಸಿದೆ. ಕೂಪನ್ ಹುಡುಕೋದು ಒಂದು, ವಿಡಿಯೊ ಇಳಿಸೋದು ಒಂದು, ಬಾಣದ ಗುರುತಿನ ಬಾಲಕ್ಕೆ ಬೆಕ್ಕು ಕಟ್ಟೋದು ಒಂದು. "ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಮಾಹಿತಿ ಓದಲು, ಬದಲಾಯಿಸಲು ಅನುಮತಿ" ಅಂತ ಅದು ಕೇಳಿದಾಗ ಓದಿದೆಯಾ, ಸುಮ್ಮನೆ ಒತ್ತಿದೆಯಾ? ಬೆಕ್ಕಿಗೆ ನಿನ್ನ ಬ್ಯಾಂಕಿನ ಪುಟದಲ್ಲಿ ಏನು ಕೆಲಸ? ದುರ್ಗದ ಹುಡುಗ ನೀನು. ಏಳು ಸುತ್ತಿನ ಕೋಟೆ ನಮ್ಮದು, ಹೈದರಾಲಿಯ ಸೈನಿಕರು ನುಗ್ಗೋಕೆ ನೋಡಿದ್ದು ಮಾತ್ರ ಒಬ್ಬೊಬ್ಬರೇ ತೂರುವಷ್ಟು ಕಿಂಡಿಯಲ್ಲಿ. ಕಾವಲಿನವನು ಊಟಕ್ಕೆ ಹೋಗಿದ್ದ, ನೀರಿಗೆ ಬಂದ ಓಬವ್ವ ಅಲ್ಲಿದ್ದಳು, ಕೈಯಲ್ಲಿ ಒನಕೆ ಇತ್ತು. ನಿನ್ನ ಹದಿನಾಲ್ಕು ಕಿಂಡಿಗೆ ಯಾವ ಓಬವ್ವನನ್ನ ನಿಲ್ಲಿಸ್ತೀಯ?

ಹಿರಿಯೂರಿನ ನಿನ್ನ ದೊಡ್ಡಮ್ಮನ ಕಥೆ ಕೇಳು. 2022ರಲ್ಲಿ, 1933ರ ನಂತರ ಮೊದಲ ಸಲ, ವಾಣಿವಿಲಾಸ ಸಾಗರ ಕೋಡಿ ಬಿತ್ತು. ಊರಿಗೆ ಊರೇ ನೋಡೋಕೆ ಹೋಯ್ತು. ಮಂಡಿನೋವಿನವಳು ಫೋನಿನಲ್ಲೇ ನೋಡ್ತೀನಿ ಅಂತ ಯಾವುದೋ ತಾಣ ತೆರೆದಳು. ನೋಟಿಫಿಕೇಶನ್ ಕಳಿಸೋಕೆ 'ಅಲೌ' ಮಾಡಿ ಅಂತ ಕೇಳಿತು, ಒತ್ತಿದಳು. ಅವತ್ತಿಂದ ಅವಳ ಫೋನಿಗೆ ನಿದ್ದೆಯಿಲ್ಲ. ಸಕ್ಕರೆ ಕಾಯಿಲೆಗೆ ಮದ್ದು, ಲಾಟರಿ ಬಂದಿದೆ, ಫೋನಿಗೆ ವೈರಸ್ ಹೊಕ್ಕಿದೆ. ಟಿಣ್ ಟಿಣ್ ಅಂತ ರಾತ್ರಿ ಎರಡು ಗಂಟೆಗೂ. "ಒತ್ತದಿದ್ರೆ ಮುಂದಕ್ಕೆ ಬಿಡಲ್ವಲ್ಲಪ್ಪಾ" ಅಂತ ಅವಳ ದೂರು. ಬಿಡುತ್ತೆ. 'ಬ್ಲಾಕ್' ಅನ್ನೋದೂ ಪಕ್ಕದಲ್ಲೇ ಇರುತ್ತೆ. ಅವಳು ಕೊಟ್ಟ ಅನುಮತಿ ತೆಗೆದುಹಾಕೋಕೆ ಹತ್ತು ನಿಮಿಷ ಸಾಕಾಗಿತ್ತು ನನಗೆ. ನೀನು ಎರಡು ಸಲ ಹಿರಿಯೂರಿಗೆ ಹೋಗಿ ಬಂದೆ, ಅವಳ ಫೋನ್ ಮುಟ್ಟಿ ನೋಡಲಿಲ್ಲ. ಬ್ರೌಸರ್ ಬದಲಾಯಿಸಲು ನಿನಗೆ ಸಿಕ್ಕಿದ್ದು ನನ್ನ ಕಂಪ್ಯೂಟರೇ!

ಇನ್‌ಕಾಗ್ನಿಟೊ ಕಿಟಕಿ ಬಗ್ಗೆ ಜಾಸ್ತಿ ಹೇಳಲ್ಲ, ನಿನಗೂ ಮುಜುಗರ, ನನಗೂ. ಅದು ನಿನ್ನ ಫೋನಿನಲ್ಲಿ ಜಾಡು ಉಳಿಸಲ್ಲ, ಅಷ್ಟೇ. ನೀನು ಹೋದ ತಾಣಕ್ಕೆ, ನಿನಗೆ ನೆಟ್ ಕೊಟ್ಟವರಿಗೆ ನೀನು ಬಂದದ್ದು ತಿಳಿಯುತ್ತೆ. ಟವೆಲ್ ಮುಖಕ್ಕೆ ಸುತ್ತಿಕೊಂಡು ನಮ್ಮ ಸೆಂಟರಿಗೆ ಬರ್ತಿದ್ದ ಹುಡುಗರು ನೆನಪಾಗ್ತಾರೆ. ಚಪ್ಪಲಿ ನೋಡಿದರೇ ಯಾರ ಮನೆಯವನು ಅಂತ ನನಗೆ ಗೊತ್ತಾಗ್ತಿತ್ತು.

ನಾನು ಮಾಡೋದು ಹೇಳ್ತೀನಿ, ಬೇಕಾದರೆ ತಗೋ. ನಮ್ಮ ಹಳೇ ಮನೆಗೆ ತಲೆಬಾಗಿಲು ಬೇರೆ, ಹಿತ್ತಿಲ ಬಾಗಿಲು ಬೇರೆ. ಹಾಗೇ ಎರಡು ಬ್ರೌಸರ್ ಇಟ್ಟಿದ್ದೀನಿ. ಬ್ಯಾಂಕು, ಪಹಣಿ, ಪಿಂಚಣಿಗೆ ಒಂದು. ಅದರಲ್ಲಿ ಒಂದೂ ಆಡ್-ಆನ್ ಇಲ್ಲ, ವಿಳಾಸದ ಕೊನೆ ನೋಡದೆ ಏನನ್ನೂ ತುಂಬಲ್ಲ. ಸುತ್ತಾಡೋಕೆ, ಯಕ್ಷಗಾನ ನೋಡೋಕೆ ಇನ್ನೊಂದು. ಒಂದು ಕಚೇರಿಯ ತಾಣವಂತೂ ಕ್ರೋಮ್ ಬಿಟ್ಟು ಬೇರೆಲ್ಲೂ ಬಾಗಿಲು ತೆಗೆಯಲ್ಲ. ಮೊದಲು ನೀಲಿ 'ಇ' ಇಲ್ಲದೆ ಆಗಲ್ಲ ಅಂತಿದ್ದರು, ಅದು 2022ರ ಜೂನ್‌ನಲ್ಲಿ ನಿವೃತ್ತಿಯಾಯ್ತು, ಈಗ ಇದು. ಹಾಗಾಗಿ ಕ್ರೋಮನ್ನೂ ಇಟ್ಟಿದ್ದೀನಿ, ದ್ವೇಷವೇನಿಲ್ಲ. ವರ್ಷಕ್ಕೊಂದು ಸಲ ಬುಕ್‌ಮಾರ್ಕ್‌ಗಳನ್ನೆಲ್ಲ ಒಂದು ಫೈಲಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕ್ತೀನಿ. ಬಾಡಿಗೆ ಮನೆಯಿಂದ ಪಾತ್ರೆ ಪಡಗ ಸಮೇತ ಹೊರಡೋಕೆ ಬಿಡುತ್ತೋ ಇಲ್ಲವೋ ಅಂತ ಹೊಕ್ಕೋ ಮೊದಲೇ ನೋಡಿಕೊಳ್ಳಬೇಕು.

ನೀನು ಹೋದ ಮೇಲೆ ನರಿಯನ್ನ ಮತ್ತೆ ತಂದು ಕಟ್ಟಿದ್ದೀನಿ. ಬುಕ್‌ಮಾರ್ಕ್ ಪೆನ್‌ಡ್ರೈವಿನಲ್ಲಿ ಸಿಕ್ಕವು. ಪಾಸ್‌ವರ್ಡ್ ಮಾತ್ರ ನೀನು ತೊಳೆದು ಹೋಗಿದ್ದೆ, ಮೂರು ದಿನ ಪರದಾಡಿದೆ. ಕೊನೆಗೆ ನೆನಪಾಯ್ತು, ಹಳೇ ಅಡಿಕೆ ಲೆಕ್ಕದ ಪುಸ್ತಕವೊಂದರ ಹಿಂಬದಿ ಪುಟದಲ್ಲಿ ಬರೆದಿಟ್ಟಿದ್ದೆ. ನಗಬೇಡ. ಅಟ್ಟದ ಮೇಲೆ ಅಂಥವು ಮೂವತ್ತು ಪುಸ್ತಕ ಇವೆ, ಯಾವುದು ಅಂತ ನಿನ್ನಜ್ಜಿಗೂ ಹೇಳಿಲ್ಲ.