ಬಾಯಲ್ಲಿ ನಳಿಕೆ ಇರುವಾಗ ಹಲ್ಲುಜ್ಜುವುದೇಕೆ?

ಪ್ರಶ್ನೆ: ಅನಮೋಡದ ಓದುಗರೊಬ್ಬರ ತಂದೆಗೆ ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದೆ. ಲೋಂಡಾ, ಖಾನಾಪುರ ದಾಟಿಸಿ ಬೆಳಗಾವಿಗೆ ಒಯ್ದಿದ್ದಾರೆ. ಮೂರು ದಿನದಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ನರ್ಸ್ ಹಲ್ಲುಜ್ಜುವುದನ್ನು ಕಂಡು ಮಗನಿಗೆ ಸೋಜಿಗ: ‘ಬಾಯಲ್ಲಿ ಊಟವೇ ಇಲ್ಲದ ಅಪ್ಪನಿಗೆ ಹಲ್ಲುಜ್ಜೋದು ಯಾಕೆ ಡಾಕ್ಟ್ರೇ? ಬಿಲ್ ಏರಿಸೋಕೆ ಅಂತಾರೆ ಚಿಕ್ಕಪ್ಪ.’

ಉತ್ತರ: ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಇಂಥ ಲೆಕ್ಕಾಚಾರ ನಡೆದೇ ಇರುತ್ತದೆ. ಆದರೆ ಆ ಬ್ರಷ್ ಒಳಗಿರುವ ಅತಿ ಅಗ್ಗದ ಸಾಧನಗಳಲ್ಲೊಂದು.

ಕಟ್ಟುಹಾವಿನ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕವನ್ನೇ ಕೆಡಿಸುತ್ತದೆ. ರೆಪ್ಪೆ ಜೋಲುತ್ತದೆ, ಗಂಟಲು ಸೋಲುತ್ತದೆ, ಕೊನೆಗೆ ಉಸಿರೂ. ಎಂಜಲು ನುಂಗಲಾಗದು, ಕೆಮ್ಮಲಾಗದು. ಉಸಿರುನಾಳದಲ್ಲಿ ಕೂರಿಸಿದ ನಳಿಕೆಯ ಸುತ್ತ ಪುಟ್ಟ ಬಲೂನು ಇರುತ್ತದೆ ನಿಜ, ಆದರೂ ಅದರ ಮೇಲೆ ನಿಂತ ಎಂಜಲು ಬಲೂನಿನ ಮಡಿಕೆಗಳ ಸಂದಿಯಿಂದ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಜೊತೆಗೆ ಬಾಯಿಯ ರೋಗಾಣುಗಳೂ. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾಕ್ಕೆ ಇದೊಂದು ಮುಖ್ಯ ದಾರಿ. ಹಾವಿನ ವಿಷ ಇಳಿದರೂ ಈ ನ್ಯುಮೋನಿಯಾ ರೋಗಿಯನ್ನು ಮತ್ತಷ್ಟು ದಿನ ಮಲಗಿಸಬಲ್ಲದು. ಬಿಲ್ ನಿಜವಾಗಿ ಏರುವುದು ಆಗ.

ಔಷಧದ ದ್ರಾವಣ ಸವರಿದರೆ ಸಾಲದೇ? ಬಹಳ ವರ್ಷ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣ ಹಚ್ಚುವುದೇ ರೂಢಿಯಾಗಿತ್ತು. ಆದರೆ ಅದರಿಂದ ಸಾವು ಹೆಚ್ಚಬಹುದೆಂಬ ಅನುಮಾನ ಮೂಡಿ, 2022ರ ಅಮೆರಿಕದ ಮಾರ್ಗಸೂಚಿ ಅದನ್ನು ಕೈಬಿಟ್ಟು ಬ್ರಷ್ ಹಿಡಿಯಿರಿ ಎಂದಿತು. ಹಲ್ಲಿಗಂಟಿದ ಪಾಚಿ ದ್ರಾವಣಕ್ಕೆ ಜಗ್ಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. 15 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ವಿಶ್ಲೇಷಣೆಯಲ್ಲಿ, ಹಲ್ಲುಜ್ಜಿಸಿಕೊಂಡವರಲ್ಲಿ ಆಸ್ಪತ್ರೆಯ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಿತ್ತು. ಐಸಿಯುನಲ್ಲಿನ ಸಾವೂ ಇಳಿದಿತ್ತು. ದಿನಕ್ಕೆ ಎರಡು ಸಲ ಉಜ್ಜಿದರೂ ಮೂರು ಸಲ ಉಜ್ಜಿದರೂ ಫಲ ಹೆಚ್ಚುಕಡಿಮೆ ಒಂದೇ.

ನೋಡಲು ಸರಳ, ಮಾಡಲು ಅಲ್ಲ. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತುತ್ತಾರೆ. ಬಲೂನಿನ ಒತ್ತಡ ನೋಡುತ್ತಾರೆ. ಒಬ್ಬರು ನಳಿಕೆ ಅಲುಗದಂತೆ ಹಿಡಿದರೆ, ಇನ್ನೊಬ್ಬರು ಮಕ್ಕಳ ಬ್ರಷ್‌ನಂಥ ಮೆತ್ತನೆಯದರಿಂದ ಹಲ್ಲು, ಒಸಡು, ನಾಲಿಗೆ ಉಜ್ಜುತ್ತ ಸಕ್ಷನ್‌ನಿಂದ ಎಂಜಲು ಎಳೆಯುತ್ತಾರೆ. ಮುಗಿದ ಮೇಲೆ, ತುಟಿಯ ಹತ್ತಿರ ನಳಿಕೆಯ ಮೇಲಿನ ಸೆಂಟಿಮೀಟರ್ ಅಂಕಿ ಮೊದಲಿನಷ್ಟೇ ಇದೆಯೇ ಎಂಬ ಪರೀಕ್ಷೆ. ಮನೆಯವರು ಇದಕ್ಕೆ ಕೈಹಾಕಬಾರದು.

ಮನೆಯವರ ಕೆಲಸ ಬೇರೆ ಇದೆ. ತಂದೆಗೆ ಹಲ್ಲಿನ ಸೆಟ್ ಇತ್ತೇ, ಯಾವ ಹಲ್ಲು ಅಲ್ಲಾಡುತ್ತಿತ್ತು, ಕವಳ (ಎಲೆ-ಅಡಿಕೆ) ಹಾಕುತ್ತಿದ್ದರೇ ಎಂಬುದನ್ನು ನರ್ಸ್‌ಗೆ ಹೇಳಬೇಕು. ಸಡಿಲ ಹಲ್ಲು ಉದುರಿ ಉಸಿರುನಾಳಕ್ಕೆ ಬೀಳುವ ಭಯವಿದೆ. ಇನ್ನೊಂದು ಮಾತು: ಈ ವಿಷದಲ್ಲಿ ಕಣ್ಣು ಮುಚ್ಚಿಕೊಂಡಿದ್ದರೂ ಎಚ್ಚರ ಇರಬಹುದು, ಮಾತು ಕೇಳಿಸಬಹುದು. ‘ಅಪ್ಪಾ, ಈಗ ಹಲ್ಲುಜ್ಜುತ್ತಾರೆ’ ಎಂದು ಕಿವಿಯ ಹತ್ತಿರ ಮೊದಲೇ ಹೇಳಿ.

ಪ್ರಶ್ನೆ: ನಳಿಕೆ ತೆಗೆದ ಕೂಡಲೇ ಗಂಜಿ ಕೊಡಬಹುದೇ?

ಉತ್ತರ: ಬೇಡ. ಗಂಟಲಿಗೆ ಶಕ್ತಿ ತಡವಾಗಿ ಮರಳುತ್ತದೆ. ನುಂಗುವುದನ್ನು ಪರೀಕ್ಷಿಸಿ ವೈದ್ಯರು ಒಪ್ಪುವವರೆಗೆ ಒಂದು ಚಮಚ ನೀರೂ ಬೇಡ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಸಾಕು. ಕವಳ ಕೇಳಿದರೆ, ಕೇಳಲಿ ಬಿಡಿ. ಕೊಡಬೇಡಿ.